ಕೇಪುಳವೆಂದು ಕೇಳಿಸಿದ ಮೊಗ್ಗು

ದೋಹಾದ ವೆಸ್ಟ್ ಬೇಯ ಹೋಟೆಲಿನ ಅಡುಗೆಮನೆಗೆ ಚನಿಯ ಬಂದು ಸೇರಿದ ದಿನವೇ ಆ ಹೆಸರು ಅವನ ಕಿವಿಗೆ ಬಿದ್ದಿತು. ಸಲಾಡ್ ವಿಭಾಗದ ಹಿರಿಯ, ಕರಾವಳಿ ಕಡೆಯವನೇ ಆದ ಹ್ಯೂಬರ್ಟ್, ಮೀನಿನ ತಟ್ಟೆಯಿಂದ ತಲೆಯೆತ್ತದೆ, ಕೇಪರ್ಸ್ ತರಲು ಹೇಳಿದ. ಪುತ್ತೂರಿನ ಕಡೆಯ ಚನಿಯನಿಗೆ ಕೇಳಿಸಿದ್ದು ಕೇಪುಳ. ಊರಿನ ಗುಡ್ಡಗಳಲ್ಲಿ ಗೊಂಚಲು ಗೊಂಚಲಾಗಿ ಅರಳುವ ಕೆಂಪು ಹೂ. ಈ ಮರಳುಗಾಡಿಗೆ ಅದನ್ನು ತಂದ ಪುಣ್ಯಾತ್ಮ ಯಾರಪ್ಪಾ ಎಂದು ಹಿಗ್ಗುತ್ತ ಎಲ್ಲೆಡೆ ಹುಡುಕಿದ. ಕೊನೆಗೆ ಊಟದ ಮೇಜಿನ ಹೂದಾನಿಯಿಂದ ಯಾವುದೋ ಕೆಂಪು ಹೂವನ್ನೆತ್ತಿ ತಂದು, ಸದ್ಯಕ್ಕೆ ಸಿಕ್ಕಿದ್ದು ಇದು ಎಂದು ಮುಂದಿಟ್ಟ.

“ಮೀನಿಗೆ ಹಾಕ್ಲಿಕ್ಕೆ ಕೇಳಿದ್ದು ಮಾರಾಯಾ, ದೇವರಿಗಲ್ಲ,” ಎಂದ ಹ್ಯೂಬರ್ಟ್. ಅಂದಿನಿಂದ ಅಡುಗೆಮನೆಯಲ್ಲಿ ಚನಿಯನ ಹೆಸರೇ ಕೇಪುಳವಾಯಿತು.

ಕೇಪರ್ಸ್ ಬಾಟಲಿಯಲ್ಲಿದ್ದದ್ದು ಉಪ್ಪುನೀರಿನಲ್ಲಿ ಮುಳುಗಿದ ಹಸುರು ಮೊಗ್ಗು. ಬಾಯಿಗಿಟ್ಟರೆ ಉಪ್ಪು, ಹುಳಿ, ಆಮೇಲೆ ಸಾಸಿವೆಯಂಥ ಸಣ್ಣ ಘಾಟು. ಹೊಗೆಯಾಡಿಸಿದ ಮೀನಿಗೆ ಅದಿಲ್ಲದೆ ರುಚಿ ಕೂಡುವುದಿಲ್ಲವೆಂದು ಚನಿಯ ಬೇಗನೆ ಕಲಿತ. ಆದರೆ ಆ ಬಾಟಲಿ ತೆರೆದಾಗಲೆಲ್ಲ ಹೆಂಡತಿ ಪೂವಕ್ಕ ನೆನಪಾಗುತ್ತಿದ್ದಳು. ಕೇಪುಳವನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ತೆಂಗಿನತುರಿ ಸೇರಿಸಿ ಅರೆದು, ಮಜ್ಜಿಗೆಯಲ್ಲಿ ಕದಡಿ ಅವಳು ಮಾಡುವ ತಂಬುಳಿ ರಜೆಯಲ್ಲಿ ಹೋದಾಗ ಉಂಡಷ್ಟೇ. ಅವಳಾದರೋ ದೋಹಾವನ್ನು ಕಂಡವಳಲ್ಲ. ಗಂಡನ ಅರ್ಧ ಬಾಳು ಕಳೆದ ಊರೆಂದರೆ ಅವಳಿಗೆ ಫೋನಿನಲ್ಲಿ ಅವನ ಬೆನ್ನ ಹಿಂದೆ ಕಾಣುವ ಗೋಡೆ, ಅಷ್ಟೆ. ಒಮ್ಮೆಯಾದರೂ ಅವಳು ಬಂದು ನೋಡಬೇಕೆಂಬುದೇ ಅವನ ಹಂಬಲ.

ಈ ವರ್ಷ ಅವಳು ಬರಲು ಒಪ್ಪಿದಳು. ಚನಿಯ ಕಂಪನಿಯ ಕೋಣೆ ಬಿಟ್ಟು ನಗರದ ಹೊರಗಿನ ಅಲ್ ವುಕೈರಿನಲ್ಲಿ ಪುಟ್ಟ ಮನೆ ಹಿಡಿದ. ಪಕ್ಕದ ಖಾಲಿ ಜಾಗದಲ್ಲಿ ಮುಳ್ಳುಪೊದೆಯೊಂದು ನೆಲಕ್ಕೊರಗಿ ಹಬ್ಬಿತ್ತು. ನೋಡಿದರೆ ಅದರ ತುಂಬ ಅದೇ ಮೊಗ್ಗು. ಇಲ್ಲಿಯವರು ಈ ಗಿಡವನ್ನು ಶಫಲ್ಲಹ್ ಎನ್ನುತ್ತಾರೆಂದು ಎದುರಿನ ಅಂಗಡಿಯ ಜಲೀಲ್ ತಿಳಿಸಿದ. ಬೆಳಗಿನ ತಂಪಿನಲ್ಲಿ ಚನಿಯ ಮೊಗ್ಗು ಬಿಡಿಸತೊಡಗಿದ. ಹಸಿಯದು ಬಾಯಿಗಿಡಲಾಗದಷ್ಟು ಕಹಿ. ಊರಿನಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿಡುವಂತೆಯೇ ಇದನ್ನೂ ಭರಣಿಯಲ್ಲಿ ಹಾಕಿಟ್ಟ. ಪೂವಕ್ಕ ಬಂದಿಳಿದ ದಿನ ಇದರದೇ ತಂಬುಳಿ ಬಡಿಸುವುದೆಂದು ನಿಶ್ಚಯಿಸಿದ.

ಅಷ್ಟರಲ್ಲಿ ಊರಿನಲ್ಲಿ ಅವನ ತಾಯಿ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು.

“ಅತ್ತೆಯನ್ನು ಬಿಟ್ಟು ಹೇಗೆ ಬರುವುದು ಹೇಳಿ?” ಎಂದಳು ಪೂವಕ್ಕ ಫೋನಿನಲ್ಲಿ. “ನೀವು ಬಾ ಅಂದ್ರೆ ಈಗ್ಲೇ ಹೊರಡ್ತೇನೆ. ಆದ್ರೆ ನೀವು ಹಾಗೆ ಹೇಳ್ಲಿಕ್ಕಿಲ್ಲ.”

ಅವನು ಹೇಳಲಿಲ್ಲ. “ಟಿಕೇಟು ಖಲಾಸ್ ಮಾಡ್ತೇನೆ,” ಎಂದ.

ಆ ಶುಕ್ರವಾರ ತಂಬುಳಿಯನ್ನು ತಾನೊಬ್ಬನೇ ಮಾಡಿಕೊಂಡ. ಮನಸ್ಸು ಎಲ್ಲೋ ಇತ್ತು. ಮೊಗ್ಗನ್ನು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸುವುದನ್ನೇ ಮರೆತಿದ್ದ. ಮೊದಲ ತುತ್ತೇ ಬರೀ ಉಪ್ಪು. ಫೋನಿನಲ್ಲಿ ಕೇಳಿ ಪೂವಕ್ಕ, ಇಷ್ಟು ವರ್ಷ ಹೋಟೆಲಿನವರು ನಿಮಗೆ ಸಂಬಳ ಕೊಟ್ಟದ್ದು ಯಾವುದಕ್ಕೆಂದು ನಕ್ಕಳು. ನಗುತ್ತಲೇ ಆ ಗಿಡ ನೋಡಬೇಕೆಂದಳು.

ಮುದುಕಿ ಈಗ ಎದ್ದು ಕೂರುತ್ತಾಳೆ; ನಡಿಗೆ ಇನ್ನೂ ಬಂದಿಲ್ಲ. ಚನಿಯ ಈಗೀಗ ಎಲ್ಲ ಮೊಗ್ಗನ್ನೂ ಬಿಡಿಸುವುದಿಲ್ಲ, ಕೆಲವನ್ನು ಅರಳಲು ಬಿಡುತ್ತಾನೆ. ಕೆಲಸ ಮುಗಿಸಿ ಬಂದವನು, ಬಿಳಿಯ ಹೂಗಳು ಬಿರಿಯುವ ಮುಸ್ಸಂಜೆಯಲ್ಲಿ ಪೊದೆಯೆದುರು ಫೋನು ಹಿಡಿದು ನಿಲ್ಲುತ್ತಾನೆ. ಪೂವಕ್ಕ ಹೂವನ್ನು ನೋಡಿದಂತೆ ಮಾಡಿ, ಆ ರಸ್ತೆ ಎಲ್ಲಿಗೆ ಹೋಗುತ್ತದೆ, ನೀವು ಬಸ್ಸು ಹತ್ತುವುದು ಎಲ್ಲಿ ಎಂದು ಕೇಳುತ್ತಾಳೆ. ಚನಿಯ ಫೋನನ್ನು ಮುಂದೆ ಚಾಚಿಕೊಂಡು, ಅವಳಿಗೆ ತೋರಿಸುತ್ತ, ಬಸ್ ನಿಲ್ದಾಣದ ಕಡೆಗೆ ಮೆಲ್ಲನೆ ನಡೆಯುತ್ತಾನೆ.