ಮೊಲದ ಬಾಯಿಗೆ ಕುಕ್ಕೆ

ಇವತ್ತು ಬೆಳಿಗ್ಗೆ ಮಗಳು ಸಾಕಿದ ಮೊಲ ತಲೆ ಬಗ್ಗಿಸಿ ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತಿತ್ತು. ನನ್ನ ಗಂಡ ಮುಖ ಸಿಂಡರಿಸಿ, "ಥೂ, ಗಲೀಜು ಪ್ರಾಣಿ" ಅಂದರು. ತಕ್ಷಣ ಹನಗೋಡಿನ ನಮ್ಮ ದೊಡ್ಡಪ್ಪ ನೆನಪಾದ.

ಎಲೆಅಡಿಕೆ, ಹೊಗೆಸೊಪ್ಪು ಜಗಿದು ಜಗಲಿಯ ಗೋಡೆಯನ್ನೆಲ್ಲ ಕೆಂಪು ಮಾಡಿದ್ದ ಮನುಷ್ಯ ಆತ. ಆದರೆ ಚಿಕ್ಕಂದಿನಲ್ಲಿ ನಾನು ಸಾಕಿದ್ದ ಮೊಲ ತನಗೆ ಹಾಸಿದ್ದ ಹುಲ್ಲನ್ನೂ ಹಿಕ್ಕೆಯನ್ನೂ ತಿಂದರೆ ಆತನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಣ್ಣು ತಿನ್ನುವ ಕರುವಿನ ಬಾಯಿಗೆ ಕಟ್ಟುತ್ತಾರಲ್ಲ, ಅಂಥದ್ದೇ ಕುಕ್ಕೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಹುರಿಯಲ್ಲಿ ಹೆಣೆದು ಮೊಲದ ಮೂತಿಗೆ ಬಿಗಿದ. ಹೊತ್ತುಹೊತ್ತಿಗೆ ಬಿಚ್ಚಿ ಸೊಪ್ಪು ತಿನ್ನಿಸಿ ಮತ್ತೆ ಕಟ್ಟುತ್ತಿದ್ದ. ಎಷ್ಟು ಸೊಪ್ಪು ತಿಂದರೂ ಮೊಲ ಸೊರಗುತ್ತಲೇ ಹೋಯಿತು.

ಹಸುವಿಗೆ ಸೂಜಿ ಹಾಕಲು ಬಂದಿದ್ದ ದನದ ಆಸ್ಪತ್ರೆಯ ಕಾಂಪೌಂಡರ್ ಅದನ್ನು ನೋಡಿ ಗಾಬರಿಯಾದರು. "ಆ ಮೆತ್ತನೆ ಹಿಕ್ಕೆ ತಿಂದ್ರೇನೇ ಅದುಕ್ಕೆ ಮೈ ಹತ್ತೋದು ಕಣ್ರೀ. ಮೊದ್ಲು ಕುಕ್ಕೆ ಬಿಚ್ಚಿ."

"ನೀವು ಸುಮ್ಕಿರಿ ಸ್ವಾಮಿ," ಎಂದ ದೊಡ್ಡಪ್ಪ. "ನಮ್ಮನೇಲಿ ಅಂಗೆಲ್ಲ ಗಲೀಜು ತಿನ್ನಂಗಿಲ್ಲ."

ವಾರದೊಳಗೆ ಮೊಲ ಸತ್ತಿತು. ಕುಕ್ಕೆ ಇನ್ನೂ ಮೂತಿಯಲ್ಲೇ ಇತ್ತು. ದೊಡ್ಡಪ್ಪ ಗೋಡೆಗೆ ಉಗಿದು ಬಂದು, ಅಳುತ್ತಿದ್ದ ನನಗೇ ಬುದ್ಧಿ ಹೇಳಿದ: "ನೋಡ್ದಾ, ಗಲೀಜು ತಿಂದೇ ಸತ್ತೋಯ್ತು ಕಣವ್ವ."

ಗಂಡ ಇನ್ನೂ ಮೂಗು ಮುಚ್ಚಿಕೊಂಡು ಗೊಣಗುತ್ತಿದ್ದಾರೆ. ಆ ಕುಕ್ಕೆ ಈಗ ನನ್ನ ಕೈಯಲ್ಲಿದ್ದರೆ, ಮೊಲದ ಬಾಯಿಗಂತೂ ಕಟ್ಟುತ್ತಿರಲಿಲ್ಲ.