ಮಣ್ಣಿನ ಹಳದಿ ಬಳಿದ ಗೋಡೆ

ನಲವತ್ತು ದಾಟಿದ ಮೇಲೆ ನನ್ನ ಮದುವೆಯಾಯಿತು. ಆನವಟ್ಟಿ ಹತ್ತಿರದ ಹಳ್ಳಿಯಿಂದ ಶಿಕಾರಿಪುರಕ್ಕೆ, ಹೆಂಡತಿ ತೀರಿಕೊಂಡಿದ್ದವರ ಮನೆಗೆ ಬಂದೆ. ಅವರಿಗೊಬ್ಬಳು ಮಗಳು. ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ರಜೆಗೆ ಬಂದರೂ ಎರಡೇ ದಿನಕ್ಕೆ ಹೊರಟುಬಿಡುತ್ತಿದ್ದಳು. ಇದ್ದಷ್ಟು ದಿನ ನನ್ನೊಂದಿಗೆ ಮರ್ಯಾದೆಯಿಂದಲೇ ಮಾತಾಡುತ್ತಿದ್ದಳು. ಆ ಮರ್ಯಾದೆಯೇ ನನಗೆ ಭಾರವಾಗುತ್ತಿತ್ತು.

ಮನೆಯ ಗೋಡೆಗಳಿಗೆಲ್ಲ ತಿಳಿಹಸಿರು ಬಣ್ಣ. ಮಳೆಗಾಲದ ತೇವಕ್ಕೆ ಅಲ್ಲಲ್ಲಿ ಹಪ್ಪಳದಂತೆ ಎದ್ದಿತ್ತು. ದೀಪಾವಳಿಗೆ ಮುಂಚೆ ಬಳಿಸೋಣ ಎಂದಾಗ ನಮ್ಮ ಮನೆಯವರು, "ಈ ಸಲ ಬಣ್ಣ ನೀನೇ ಆರಿಸು" ಅಂದರು. ಅಂಗಡಿಯಲ್ಲಿ ಒಂದು ಹಳದಿಯ ಮೇಲೆ ನನ್ನ ಬೆರಳು ನಿಂತಿತು. ಅರಿಶಿನದಂತೆ ಕಣ್ಣಿಗೆ ಹೊಡೆಯುವಂಥದ್ದಲ್ಲ, ಕೆರೆಯಂಚಿನ ಹಳದಿ ಮಣ್ಣು ಕಲಸಿದ ಹಾಗೆ, ಒಳಗೆ ತುಸು ಕೆಂಪು. ತವರಿನಲ್ಲಿ ಅವ್ವ ಹಬ್ಬಕ್ಕೆ ಗೋಡೆ ಸಾರಿಸುತ್ತಿದ್ದದ್ದು ಅಂಥದೇ ಮಣ್ಣಿನಿಂದ.

"ಗಾಢ ಆಗಲ್ವಾ?" ಅಂದರು ಇವರು.

"ಒಣಗಿದ ಮೇಲೆ ನೋಡ್ರಿ" ಅಂದೆ.

ಹಾಲ್ ಬಳಿದು ಮುಗಿದ ದಿನ ಮಗಳು ಹೇಳದೆ ಬಂದಳು. ಹೆಗಲ ಚೀಲವನ್ನೂ ಇಳಿಸದೆ ಸುತ್ತ ನೋಡಿದಳು.

"ಅಮ್ಮನ ಫೋಟೋ ಎಲ್ಲಿ?"

ಬಣ್ಣದವರು ಬರುವ ಮುಂಚೆ ಅದನ್ನು ಇವರೇ ತೆಗೆದು ಎಲ್ಲೋ ಇಟ್ಟಿದ್ದರು. ಮತ್ತೆ ಹಾಕಿದರೆ ನನಗೆ ಬೇಸರವಾದೀತೆಂದು ಅಳುಕು. "ಒಳಗೆ ಇದೆ" ಎಂದಷ್ಟೇ ಗೊಣಗಿದರು. ಹುಡುಗಿ ನನ್ನತ್ತ ತಿರುಗಿದಳು.

"ಬಣ್ಣ ಬದಲಾಯಿಸಿದ್ದು ಸಾಲಲಿಲ್ವಾ ನಿಮಗೆ?"

ತೆಗೆದದ್ದು ನಾನಲ್ಲ ಎಂಬ ಮಾತು ಬಾಯಿಗೆ ಬಂತು. ಅಂದಿದ್ದರೆ ಅಪ್ಪನ ಮೇಲೆ ಮುನಿದು ಬಂದ ಕಾಲಲ್ಲೇ ಹೊರಟುಬಿಡುತ್ತಿದ್ದಳು. ತಾಯಿಯಿಲ್ಲದವಳಿಗೆ ಅಪ್ಪನೂ ದೂರವಾಗುವುದು ಬೇಡವಾಗಿತ್ತು. ಕೋಣೆಗೆ ಹೋಗಿ ಬೀರುವಿನ ಬಟ್ಟೆಗಳನ್ನೆಲ್ಲ ಕೆದಕಿದೆ. ಕೊನೆಗೆ ಚಳಿಗಾಲದ ಕಂಬಳಿಗಳ ಕೆಳಗೆ ಸಿಕ್ಕಿತು. ಸೆರಗಿನಿಂದ ಒರೆಸಿ ಅವಳ ಕೈಗೆ ಕೊಟ್ಟೆ.

"ಎಲ್ಲಿ ಹಾಕೋಣ, ನೀನೇ ತೋರಿಸವ್ವಾ."

ಅವಳು ಬಾಗಿಲಿಗೆ ಎದುರಿನ ಗೋಡೆ ತೋರಿಸಿದಳು. ನಾನು ಸ್ಟೂಲ್ ಹತ್ತಿದೆ. ಮೊದಲ ಏಟಿಗೇ ಮೊಳೆ ಬಾಗಿ, ಗಾರೆಯ ಚೂರೊಂದು ಉದುರಿತು.

"ಅಯ್ಯೋ, ಹೊಸ ಗೋಡೆ!" ಅಂತ ಅವಳೇ ಗಾಬರಿಯಾದಳು.

"ಹೋಗ್ಲಿ ಬಿಡು, ಡಬ್ಬಿ ತಳದಲ್ಲಿ ಬಣ್ಣ ಇದೆ."

ಮೊಳೆ ಕೂತ ಮೇಲೆ ಅವಳೇ ಬ್ರಷ್ ಅದ್ದಿ ಕಿತ್ತುಹೋದ ಜಾಗಕ್ಕೆ ಹಚ್ಚಿದಳು. ನಾನು ಫೋಟೋ ತೂಗುಹಾಕಿದೆ. ಅದರಲ್ಲಿ ಅವಳಮ್ಮ ಕಡುಗೆಂಪು ಸೀರೆ ಉಟ್ಟಿದ್ದಾರೆ. ಆ ಹಳದಿಯ ನಡುವೆ ಮುಖ ತುಂಬಿಕೊಂಡು ಕಂಡಿತು.

"ಹಸಿರಿನ ಮೇಲೆ ಅಮ್ಮ ಇಷ್ಟು ಚೆನ್ನಾಗಿ ಕಾಣ್ತಿರಲಿಲ್ಲ" ಅಂದಳು. ಅಂದವಳೇ ಅತ್ತುಬಿಟ್ಟಳು. ಕೆಳಗಿಳಿದು ಅವಳ ಬೆನ್ನ ಮೇಲೆ ಕೈಯಿಟ್ಟೆ. ದೂರ ಸರಿಯಲಿಲ್ಲ.

ಬಣ್ಣದ ವಾಸನೆಗೆ ಒಳಗೆ ಕೂರಲಾಗದೆ ಮೂವರೂ ಜಗಲಿಯಲ್ಲಿ ಮಂಡಕ್ಕಿ ತಿನ್ನುತ್ತ ಕೂತೆವು. ಇವರು ತಡೆಯಲಾರದೆ, "ಫೋಟೋ ತೆಗೆದಿಟ್ಟದ್ದು ನಾನು ಕಣಮ್ಮಾ" ಅಂದರು.

"ಗೊತ್ತಾಯ್ತಪ್ಪ" ಅಂದಳು. "ಚಿಕ್ಕಮ್ಮ ಅಷ್ಟೊತ್ತು ಹುಡುಕಿದ್ರಲ್ಲ. ಅವರೇ ಇಟ್ಟಿದ್ರೆ ಹುಡುಕ್ತಿದ್ರಾ?"

ಆ ಸಲ ಅವಳು ಹಬ್ಬ ಮುಗಿಸಿಕೊಂಡೇ ಹೋದಳು.