ಜೇವರ್ಗಿ ಸ್ಟ್ಯಾಂಡಿನಲ್ಲಿ ಉಳಿದ ಸಂಸಾರ

ಕಳೆದ ಭಾನುವಾರ ನಾನು ಹೆಂಡತಿಯನ್ನು ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದೆ. (ಬೇಕಂತಲೇ ಅಲ್ಲ, ದೇವರಾಣೆ!)

ಕೊಳಕೂರಿನಲ್ಲಿ ಅವಳ ತಮ್ಮನ ಮಗಳ ಮದುವೆ. ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಮೇಲೆ ನಾಲ್ಕು ಹಿತನುಡಿ ಹೇಳುವ ಕೆಲಸ ಕನ್ನಡ ಮಾಸ್ತರನಾದ ನನ್ನ ಪಾಲಿಗೆ ಬಂದಿತ್ತು. ವಿಷಯ, 'ಸಂಸಾರ' ಎಂಬ ಪದ ಎಲ್ಲಿಂದ ಬಂತು, ಅದರ ಅರ್ಥವೇನು. ನಾನೇ ಆರಿಸಿಕೊಂಡದ್ದು. ಯಾಕೆ ಬೇಕಿತ್ತು ನನಗೆ?

ಅಫಜಲಪುರದಿಂದ ಹೊರಟವರು ಜೇವರ್ಗಿಯಲ್ಲಿ ಬಸ್ ಬದಲಿಸಬೇಕು. "ಮದುಮಗಳಿಗೆ ಹೂವಿನ ದಂಡಿ ತರ್ತೇನಿ, ಇಲ್ಲೇ ನಿಂದರ್ರಿ" ಎಂದು ಹೇಳಿ ಹೋದಳಂತೆ. ನಾನು ಹೂಂ ಅಂದೆನಂತೆ. (ನನಗೆ ನೆನಪಿಲ್ಲ. ಚೀಟಿ ಹಿಡಿದು ಭಾಷಣ ಉರು ಹೊಡೆಯುತ್ತಿದ್ದೆ.) ಅಷ್ಟರಲ್ಲಿ ಕೊಳಕೂರ ಬಸ್ ಬಂತು. ಜನ ನುಗ್ಗಿದರು. ಹಿಂದಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೆ. ನಮ್ಮ ಬಸ್ಸುಗಳಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಮುಂದೆ ಎಲ್ಲೋ ಕೂತಿರುತ್ತಾಳೆ ಅಂದುಕೊಂಡು ಮತ್ತೆ ಚೀಟಿ ತೆಗೆದೆ.

ಕೊಳಕೂರಿನಲ್ಲಿ ಇಳಿದು ನೋಡಿದರೆ ಬಸ್ಸಿನಲ್ಲಿದ್ದವರೆಲ್ಲ ಇದ್ದಾರೆ, ಅವಳೊಬ್ಬಳೇ ಇಲ್ಲ! ಸೈಲೆಂಟ್ ಮಾಡಿಟ್ಟಿದ್ದ ಮೊಬೈಲ್ ತೆಗೆದೆ. ಹನ್ನೊಂದು ಮಿಸ್ಡ್ ಕಾಲ್. ಫೋನ್ ಹಚ್ಚಿದೆ.

"ಮದ್ಲ ನಿಮ್ಮ ಭಾಷಣ ಮುಗಸ್ರಿ. ನಾ ಬರಾಕತ್ತೇನಿ" ಎಂದಳು. ಕಟ್.

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹಂದರದ ಬಾಗಿಲಲ್ಲೇ ಅವಳ ತಮ್ಮ ನಿಂತಿದ್ದ. "ಮಾಮಾ, ಅಕ್ಕ ಎಲ್ಲಿ?"

"ಹಿಂದ ಬರಾಕತ್ತಾಳ" ಅಂದೆ. ಸುಳ್ಳೇನಲ್ಲವಲ್ಲ?

ಮುಹೂರ್ತ ಯಾರಿಗೆ ಕಾಯುತ್ತದೆ? ಎತ್ತಿ ಆಡಿಸಿದ ಸೋದರತ್ತೆ ಇಲ್ಲದೆಯೇ ಅಕ್ಕಿಕಾಳು ಬಿತ್ತು. ಮದುಮಗಳ ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಅಂಥ ಹೊತ್ತಿನಲ್ಲಿ ಮೈಕ್ ಕೈಗೆ ಬಂತು! 'ಸಂ' ಅಂದರೆ ಜೊತೆಗೆ, 'ಸೃ' ಅಂದರೆ ಸಾಗು. (ಹುಟ್ಟುಸಾವಿನ ಅಲೆದಾಟ ಎಂಬುದು ಪಂಡಿತರ ಅರ್ಥ. ಮದುವೆ ಹಂದರದಲ್ಲಿ ಅದೇಕೆ ಎಂದು ಬಿಟ್ಟೆ.) "ಜೊತೆಜೊತೆಯಾಗಿ ಸಾಗುವುದೇ ಸಂಸಾರ" ಎಂದು ದನಿ ಏರಿಸಿದೆ.

ಮುಂದಿನ ಸಾಲಿನ ಅಜ್ಜಿಯೊಬ್ಬಳು ಮೈಕಿಗಿಂತ ಜೋರಾಗಿ ಕೇಳಿದಳು, "ಅದೆಲ್ಲಾ ಇರ್ಲಿ ಮಾಸ್ತರ್ರ, ನಮ್ಮ ಹುಡುಗಿನ್ನ ಎಲ್ಲಿ ಬಿಟ್ಟು ಬಂದ್ರಿ?"

ಹಂದರಕ್ಕೆ ಹಂದರವೇ ನಕ್ಕಿತು. ನಗು ಇನ್ನೂ ನಿಂತಿರಲಿಲ್ಲ, ಹೊರಗೆ ಟಂಟಂ ಆಟೋ ಬಂದು ನಿಂತಿತು. ಹೂವಿನ ಪೊಟ್ಟಣ ಹಿಡಿದು ಇಳಿದವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಮದುಮಗಳ ಹತ್ತಿರ ಹೋಗಿ ದಂಡಿ ಮುಡಿಸಿದಳು. ಇಬ್ಬರೂ ಅತ್ತರು. ನಾನು ಭಾಷಣವನ್ನು ಅಲ್ಲಿಗೇ ಮುಗಿಸಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಹಿಂದೆ ಬಂದು ನನ್ನ ಪಕ್ಕದಲ್ಲೇ ಕೂತಳು. ಮುಖ ಮಾತ್ರ ಕಿಟಕಿಯ ಕಡೆಗೆ. ಕೊನೆಗೆ ನಾನೇ ಬಾಯಿ ಬಿಟ್ಟೆ.

"ತಪ್ಪಾತು. ಮೊದಲಾದ್ರ ಕಂಡಕ್ಟರ್ 'ಎಷ್ಟು ಟಿಕೀಟ್ರಿ?' ಅಂತ ಕೇಳ್ತಿದ್ದ. ಎರಡು ಅಂತ ಹೇಳಿ, ನೀ ಎಲ್ಲಿದ್ದಿ ಅಂತ ನೋಡ್ತಿದ್ದೆ. ಈಗ ಹೆಣ್ಮಕ್ಕಳಿಗೆ ಫ್ರೀ, ನಿಂದು ನೀನೇ ತಗೋತಿ. ನಂದೊಂದೇ ತಗೊಂಡೆ, ಮರ್ತೆ."

ಅವಳು ಮೊದಲ ಸಲ ನನ್ನ ಮುಖ ನೋಡಿದಳು.

"ಅಂದ್ರ, ಇಷ್ಟು ವರ್ಷ ನನ್ನ ನೆನಪು ಇಟ್ಟಾವ ಕಂಡಕ್ಟರ್ ಏನ್ರಿ?"